ಒಂದು ಮಾಸದ ಪ್ರಸಾದ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

ನಾನು ಪಂಡಿತನಲ್ಲ. ಗುಬ್ಬಿಯ ಸೀಮೆಯ ಹಳ್ಳಿಯೊಂದರಲ್ಲಿ ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತನಾದ ಉಪಾಧ್ಯಾಯನು. ತತ್ತ್ವವನ್ನು ಬಿಡಿಸಿ ಹೇಳಬಲ್ಲ ವಿದ್ವಾಂಸರು ಈ ವೇದಿಕೆಯಲ್ಲಿಯೇ ಇರುವರು. ಆದುದರಿಂದ ನಾನು ಹೇಳಬೇಕೆಂದಿರುವುದು ಒಂದು ತಿಂಗಳ ಸಮಾಚಾರ ಮಾತ್ರ. ಒಂದು ಶ್ರಾವಣಮಾಸದಲ್ಲಿ, ದಿನಕ್ಕೊಂದರಂತೆ, ಅತ್ಯಲ್ಪವೆನ್ನಿಸುವ ಸುಖಗಳನ್ನು ಸವಿಯಲು ನಾನು ಹೇಗೆ ಕಲಿತೆನು, ಕಲಿಯುವುದಕ್ಕೆ ಎಷ್ಟು ತಡಮಾಡಿದೆನು ಎಂಬುದನ್ನು ತಮ್ಮ ಮುಂದೆ ನಿವೇದಿಸುವೆನು.

2021ನೆಯ ಇಸವಿಯ ವೈಶಾಖವನ್ನು ತಾವಾರೂ ಮರೆತಿರಲಾರಿರಿ. ಕೊರೋನಾ ಎಂಬ ಮಹಾವ್ಯಾಧಿಯು ಎರಡನೆಯ ಬಾರಿಗೆ ಊರೂರನ್ನು ಹೊಕ್ಕ ಕಾಲವದು. ನಮ್ಮ ಮನೆಯಲ್ಲಿ ನನಗೂ ನನ್ನ ಮನೆಯವಳಿಗೂ ಒಂದೇ ವಾರದಲ್ಲಿ ಜ್ವರ ಬಂದಿತು. ನಾನು ಎದ್ದೆನು, ಆಕೆ ಏಳಲಿಲ್ಲ. ನಲವತ್ತಮೂರು ವರ್ಷ ಜೊತೆಯಲ್ಲಿ ಬಾಳಿದವಳ ಮುಖವನ್ನು ಕಡೆಯ ಬಾರಿಗೆ ಹತ್ತಿರದಿಂದ ನೋಡುವ ಭಾಗ್ಯವೂ ಆಗಲಿಲ್ಲ. ಇದು ನನ್ನೊಬ್ಬನ ದುಃಖವಲ್ಲ. ಈ ಸಭೆಯಲ್ಲಿಯೇ ಇಂಥ ನೋವನ್ನು ಉಂಡವರು ಹಲವರಿರುವರು. ಅವರೆಲ್ಲರ ಮುಂದೆ ನನ್ನದನ್ನು ದೊಡ್ಡದು ಮಾಡಿ ಹೇಳಿಕೊಳ್ಳಲಾರೆನು.

ಆ ಜ್ವರವು ಹೋಗುವಾಗ ನನ್ನಿಂದ ಇನ್ನೆರಡನ್ನು ಒಯ್ದಿತ್ತು. ಒಂದು ಮೂಗಿನ ವಾಸನೆ, ಇನ್ನೊಂದು ನಾಲಗೆಯ ರುಚಿ. ತುಮಕೂರಿನ ವೈದ್ಯರೊಬ್ಬರು, ವಾಸನೆಯನ್ನು ಗ್ರಹಿಸುವ ನರಗಳಿಗೆ ಆಸರೆಯಾಗಿರುವ ಕಣಗಳನ್ನು ಈ ರೋಗವು ಕೆಡಿಸುವುದೆಂದೂ, ಬಹುಮಂದಿಗೆ ಕೆಲವು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳು ಕಳೆದ ಮೇಲೆ ಅದು ಮರಳುವುದೆಂದೂ ತಿಳಿಸಿದರು. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಇವನ್ನು ದಿನಕ್ಕೆರಡಾವರ್ತಿ ಮನಸ್ಸಿಟ್ಟು ಮೂಸುತ್ತಿರಬೇಕೆಂದೂ ಹೇಳಿದರು. ನಾವು ರುಚಿಯೆಂದು ಹೇಳುವುದರಲ್ಲಿ ಹೆಚ್ಚಿನ ಪಾಲು ವಾಸನೆಯೇ ಎಂಬುದು ಆಗಲೇ ನನಗೆ ತಿಳಿದುದು. ಅದು ಹೋದ ಮೇಲೆ ಅನ್ನವು ಬೆಂದ ಹಿಟ್ಟು, ಸಾರು ಬಿಸಿನೀರು. ಹೊಟ್ಟೆ ತುಂಬುತ್ತಿತ್ತು, ಉಂಡೆನೆಂಬ ಭಾವ ಮಾತ್ರ ಬರುತ್ತಿರಲಿಲ್ಲ. ಮನೆಯೂ ಬರಿದು, ಬಾಯಿಯೂ ಬರಿದು. ಬದುಕಬೇಕೆಂಬ ಆಸೆಯೇ ಕುಂದುತ್ತ ಬಂದಿತೆಂಬುದನ್ನು ಗುರುಸನ್ನಿಧಿಯಲ್ಲಿ ಮುಚ್ಚಿಡಲಾರೆನು.

ಹೀಗಿರುವಲ್ಲಿ ಶ್ರಾವಣ ಹತ್ತಿರವಾಯಿತು. ಶ್ರಾವಣವೆಂದರೆ ನಮ್ಮವರು ಒಂದಲ್ಲ ಒಂದನ್ನು ಬಿಡುವ ತಿಂಗಳು. ಕೆಲವರು ಒಪ್ಪೊತ್ತು ಇರುವರು, ಕೆಲವರು ಕ್ಷೌರ ಬಿಡುವರು, ಕೆಲವರು ನಾಲಗೆಗೆ ಪ್ರಿಯವಾದ ಯಾವುದನ್ನಾದರೂ ಬಿಡುವರು. ನಮ್ಮೂರಿನ ವೃದ್ಧರಾದ ಅಯ್ಯನವರು ಒಂದು ದಿನ ನಮ್ಮ ಜಗಲಿಗೆ ಬಂದು ಕುಳಿತು, “ಮೇಷ್ಟ್ರೇ, ಈ ಶ್ರಾವಣದಲ್ಲಿ ಏನನ್ನು ಬಿಡುತ್ತೀರಿ?” ಎಂದು ಕೇಳಿದರು.

“ಬಿಡುವುದಕ್ಕೆ ನನ್ನಲ್ಲಿ ಏನೂ ಉಳಿದಿಲ್ಲ, ಬುದ್ಧಿ” ಎಂದೆನು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಬಿಡುವ ವ್ರತ ನಿಮಗೆ ಬೇಡ, ಹಿಡಿಯುವ ವ್ರತ ಹಿಡಿಯಿರಿ. ತಿಂಗಳಿಗೆ ಮೂವತ್ತು ದಿನ, ಲಿಂಗಕ್ಕೆ ಆರು ಮುಖ. ಮುಖಕ್ಕೆ ಐದು ದಿನದಂತೆ ಹಂಚಿಕೊಳ್ಳಿ. ದಿನಕ್ಕೊಂದು ಸಣ್ಣ ಸುಖವನ್ನು ಗುರುತಿಸಿ, ಅದು ಯಾರ ಕೈಯಿಂದ ಬಂತೆಂದು ನೆನೆದು, ಲಿಂಗಕ್ಕೆ ಕೊಟ್ಟು ತೆಗೆದುಕೊಳ್ಳಿ. ಅದಕ್ಕಾಗಿ ಒಂದು ಕಾಸನ್ನೂ ಖರ್ಚು ಮಾಡಕೂಡದು” ಎಂದು ಅಪ್ಪಣೆ ಕೊಡಿಸಿದರು.

ತಮಗೆ ತಿಳಿದಿರುವಂತೆ, ನಮ್ಮ ಹಿರಿಯರು ಇಂದ್ರಿಯಗಳನ್ನು ಶತ್ರುಗಳೆಂದು ಎಣಿಸದೆ, ಲಿಂಗದ ಮುಖಗಳನ್ನಾಗಿ ಮಾಡಿಕೊಂಡರು. ಮೂಗಿನಲ್ಲಿ ಆಚಾರಲಿಂಗವನ್ನೂ, ನಾಲಗೆಯಲ್ಲಿ ಗುರುಲಿಂಗವನ್ನೂ, ಕಣ್ಣಿನಲ್ಲಿ ಶಿವಲಿಂಗವನ್ನೂ, ತ್ವಕ್ಕಿನಲ್ಲಿ ಜಂಗಮಲಿಂಗವನ್ನೂ, ಕಿವಿಯಲ್ಲಿ ಪ್ರಸಾದಲಿಂಗವನ್ನೂ, ಹೃದಯದಲ್ಲಿ ಮಹಾಲಿಂಗವನ್ನೂ ನೆಲೆಗೊಳಿಸಿ, ಗಂಧ, ರುಚಿ, ರೂಪ, ಸ್ಪರ್ಶ, ಶಬ್ದ, ತೃಪ್ತಿ ಎಂಬ ಆರನ್ನು ಕ್ರಮವಾಗಿ ಅವುಗಳಿಗೆ ಅರ್ಪಿಸಬೇಕೆಂದು ವಿಧಿಸಿದರು. ಇದನ್ನು ನಾನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದೆನು. ಆಚರಿಸಿದುದು ಮಾತ್ರ ಎಪ್ಪತ್ತನೆಯ ವಯಸ್ಸಿನಲ್ಲಿ. ಶಾಲೆಯ ಹಳೆಯ ದಾಖಲೆ ಪುಸ್ತಕವೊಂದರಲ್ಲಿ ಬರೆಯದ ಹಾಳೆಗಳಿದ್ದವು. ದಿನಕ್ಕೊಂದು ಸಾಲು ಬರೆಯುವುದೆಂದು ಅದನ್ನು ತೆಗೆದಿಟ್ಟೆನು.

ಮೊದಲ ಐದು ದಿನ ಗಂಧದವು. ಗಂಧವೇ ಇಲ್ಲದವನಿಗೆ ಗಂಧದಿಂದ ಆರಂಭ! ಮುಂಜಾನೆ ಲವಂಗವನ್ನು ಹಿಡಿದು ಮೂಸಿದೆನು, ಏನೂ ಬರಲಿಲ್ಲ. ಆದರೆ ಆ ಲವಂಗವಿದ್ದ ಸಾಂಬಾರ ಪೆಟ್ಟಿಗೆಯನ್ನು ನೋಡಿದೆನು. ಅದರ ಒಂದೊಂದು ಮನೆಯಲ್ಲಿಯೂ ಆಕೆ ತುಂಬಿಟ್ಟಿದ್ದ ಸಾಸಿವೆ, ಮೆಣಸು, ಜೀರಿಗೆ ಹಾಗೆಯೇ ಇದ್ದವು. ಎರಡನೆಯ ದಿನ ಪತ್ರೆ, ಮೂರನೆಯ ದಿನ ಮಳೆ ಬಿದ್ದ ನೆಲ, ನಾಲ್ಕನೆಯ ದಿನ ನಿಂಬೆ. ದಿನವೂ ಪುಸ್ತಕದಲ್ಲಿ “ಇಂದೂ ಇಲ್ಲ” ಎಂದೇ ಬರೆದೆನು. ಐದನೆಯ ದಿನ ಬಸವಪಂಚಮಿ. ಪೂಜೆಗೆ ಕುಳಿತಾಗ, ಈ ಮೂಗು ಕೆಡುವ ಮೊದಲಾದರೂ ನಾನು ಇವನ್ನೆಲ್ಲ ಮೂಸಿದ್ದೆನೇ ಎಂಬ ಪ್ರಶ್ನೆ ಹುಟ್ಟಿತು. ಒಂದೇ ವಾಸನೆ ಸದಾ ಇದ್ದರೆ ಕೆಲವು ನಿಮಿಷಗಳಲ್ಲಿ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುವುದಂತೆ. ಮೂಗಿಗೆ ಇದು ಸ್ವಭಾವ. ಮನಸ್ಸಿಗೂ ಇದೇ ಅಭ್ಯಾಸವಾದರೆ ಅದು ದಾರಿದ್ರ್ಯ. ಸುಖವು ಇಲ್ಲದೆ ನಾವು ಬಡವರಾಗುವುದು ಒಂದು ಪಾಲಾದರೆ, ಇರುವ ಸುಖಕ್ಕೆ ಒಗ್ಗಿಹೋಗಿ ಬಡವರಾಗುವುದು ಮೂರು ಪಾಲು.

ಎರಡನೆಯ ಐದು ದಿನ ರುಚಿಯವು. ಆಗ ತುಮಕೂರಿನಲ್ಲಿರುವ ಮಗಳು ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಅಳಿಯಂದಿರು ಕ್ಯಾತಸಂದ್ರದಿಂದ ತಟ್ಟೆ ಇಡ್ಲಿಯನ್ನು ಕಟ್ಟಿಸಿಕೊಂಡು ಬಂದರು. ಬೆಂಗಳೂರಿನ ದಾರಿಯಲ್ಲಿ ಹೋಗುವ ಎಷ್ಟೋ ಜನ ಅದಕ್ಕಾಗಿಯೇ ಬಂಡಿಯನ್ನು ನಿಲ್ಲಿಸುವರು. ನನಗೆ ಅದರ ಮೆದುವು ತಿಳಿಯಿತು, ಬಿಸಿ ತಿಳಿಯಿತು, ಚಟ್ನಿಯ ಖಾರ ಚುರುಗುಟ್ಟಿತು, ರುಚಿ ತಿಳಿಯಲಿಲ್ಲ. ಆದರೂ ಅಂದಿನ ಸಾಲಿನಲ್ಲಿ “ಮೆದು” ಎಂದು ಬರೆದೆನು. ಒಂಬತ್ತನೆಯ ದಿನ ಮಗಳು ಬೆರಕೆ ಸೊಪ್ಪಿನ ಮಸ್ಸೊಪ್ಪು ಮಾಡಿದಳು. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಸೊಪ್ಪುಗಳು. ಯಾರೂ ಬಿತ್ತಿದವಲ್ಲ, ಆಯ್ದು ತರುವ ಕೈ ಮಾತ್ರ ಬೇಕು. ಮುದ್ದೆಯ ತುತ್ತನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟಾಗ, ನಾಲಗೆಯ ಹಿಂಬದಿಯಲ್ಲಿ ಎಳ್ಳಷ್ಟು ಕಹಿ ತೋರಿತು. ನನಗೆ ಮೊದಲು ಮರಳಿದುದು ಆ ಕಹಿಯೇ. ಕಹಿಗಾಗಿ ಕಣ್ಣಲ್ಲಿ ನೀರು ತುಂಬಿಕೊಂಡವನು ಪ್ರಪಂಚದಲ್ಲಿ ನಾನೊಬ್ಬನೇ ಏನೋ!

ಆ ನೀರು ಬರಿಯ ಸಂತೋಷದ್ದಾಗಿರಲಿಲ್ಲ, ಬಂಧುಗಳೇ. ಮಗಳ ಕೈಯಡುಗೆ ಅವಳ ತಾಯಿಯ ಕೈಯಡುಗೆಯಂತೆಯೇ. ನಲವತ್ತಮೂರು ವರ್ಷ ಆಕೆ ದಿನಕ್ಕೆರಡು ಸಲ ನನಗೆ ಬಡಿಸಿದಳು. ನಾನು ಎಡಗೈಯಲ್ಲಿ ವೃತ್ತಪತ್ರಿಕೆಯನ್ನು ಹಿಡಿದು ಉಣ್ಣುತ್ತಿದ್ದೆನು. ಸಾರು ಚೆನ್ನಾಗಿದ್ದ ದಿನಗಳಲ್ಲಿ ನಾನು ಮಾತನಾಡಿದ ನೆನಪಿಲ್ಲ. ಉಪ್ಪು ಕಡಿಮೆಯಾದ ದಿನ ಮಾತ್ರ ನನ್ನ ಬಾಯಿ ತೆರೆಯುತ್ತಿತ್ತು. ದಿನವೂ ಲಿಂಗಪೂಜೆ ಮಾಡಿ, ನೈವೇದ್ಯ ತೋರಿಸಿ, ಪ್ರಸಾದವೆಂದು ಬಾಯಲ್ಲಿ ಹೇಳಿ ಉಂಡವನು ನಾನು. ಎಲೆಯ ಮುಂದೆ ನಿಂತ ಕೈಯನ್ನೇ ನೋಡದವನು ಪ್ರಸಾದವನ್ನು ಹೇಗೆ ಪಡೆದಾನು? ನಾನು ಉಂಡುದು ಕೂಳು. ಅದನ್ನು ಪ್ರಸಾದವಾಗಿಸುವ ಒಂದು ಮಾತು ನನ್ನ ಬಾಯಲ್ಲಿಯೇ ಉಳಿದುಹೋಯಿತು. ಆಕೆ ಅದನ್ನು ಕೇಳದೆಯೇ ಹೋದಳು.

ಮೂರನೆಯ ಐದು ದಿನ ರೂಪದವು. ಅವನ್ನು ಕುಣಿಗಲ್ಲಿನಲ್ಲಿ, ಆಕೆಯ ತವರಿನಲ್ಲಿ ಕಳೆದೆನು. “ಭಾವ, ಅಕ್ಕ ಇಲ್ಲದಿದ್ದರೆ ನೀವು ಬರಬಾರದೆಂದು ಉಂಟೇ?” ಎಂದು ಭಾವಮೈದುನನು ಹೇಳಿಕಳುಹಿಸಿದ್ದನು. ಕುಣಿಗಲ್ಲಿನ ದೊಡ್ಡಕೆರೆಯ ಮೇಲೆ ಜನಪದರು ಕಟ್ಟಿದ ಹಾಡನ್ನು ಕರ್ನಾಟಕವೆಲ್ಲ ಹಾಡಿರುವುದು. ಮದುವೆಯಾದಾಗಿನಿಂದ ನಾನು ಆ ಏರಿಯ ಮೇಲೆ ನೂರು ಬಾರಿ ಓಡಾಡಿದ್ದೆನು. ನಿಂತು ನೋಡಿದುದು ಅದೇ ಮೊದಲು. ಒಂದು ದಿನ ಕಗ್ಗೆರೆಗೂ ಎಡೆಯೂರಿಗೂ ಹೋಗಿಬಂದೆವು. ತೋಟದಲ್ಲಿ ತಪಸ್ಸು ಮಾಡಿದುದರಿಂದ ‘ತೋಂಟದ’ ಎಂಬ ಹೆಸರು ಪಡೆದ ಸಿದ್ಧಲಿಂಗ ಯತಿಗಳ ನೆಲವದು. ‘ಷಟ್‌ಸ್ಥಲ ಜ್ಞಾನಸಾರಾಮೃತ’ದಂಥ ಮಹಾಗ್ರಂಥವನ್ನು ಕೊಟ್ಟ ಜ್ಞಾನಿಗೆ ಲೋಕವು ಇಟ್ಟ ಹೆಸರು ಒಂದು ತೋಟದ್ದು! ಗಿಡಮರಗಳ ನಡುವೆ ಸುಮ್ಮನೆ ಕುಳಿತಿರುವುದು ಅಲ್ಪ ಸಂಗತಿಯಲ್ಲವೆಂದು ಅಲ್ಲಿ ಅನ್ನಿಸಿತು.

ಇನ್ನೊಂದು ದಿನ ಮಾರ್ಕೋನಹಳ್ಳಿಯ ಕಟ್ಟೆಯ ಬಳಿ ಶಿಂಷಾ ನದಿಯನ್ನು ನೋಡಿದೆನು. ತುಮಕೂರಿನ ಬಳಿಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ನಮ್ಮ ಗುಬ್ಬಿ ಸೀಮೆಯ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿಗೆ ಬರುವ ಹೊಳೆಯದು. ಮಗಳ ಊರು, ನನ್ನ ಊರು, ಆಕೆಯ ತವರು, ಮೂರು ಕಡೆಗೂ ಸೇರಿದ ನೀರು ಒಂದೇ ಎಂಬುದನ್ನು ಶಾಲೆಯಲ್ಲಿ ಭೂಗೋಳದ ಪಾಠವಾಗಿ ನಾನೇ ಹೇಳಿಕೊಟ್ಟಿದ್ದೆನು. ಕಣ್ಣಿಂದ ಕಂಡುದು ಆ ದಿನ. ಹದಿನೈದನೆಯ ದಿನ ಹುಣ್ಣಿಮೆ. ಮೋಡ ಸರಿದಾಗಲೆಲ್ಲ ಚಂದ್ರನು ಕೆರೆಯ ನೀರಿನಲ್ಲಿ ಕಾಣಿಸಿಕೊಂಡು ಮರೆಯಾಗುತ್ತಿದ್ದನು. ಅಂದಿನ ಸಾಲು ಹೀಗಿದೆ: “ಕಂಡಷ್ಟು ಸಾಕು.”

ನಾಲ್ಕನೆಯ ಐದು ದಿನ ಸ್ಪರ್ಶದವು, ಊರಿಗೆ ಹಿಂದಿರುಗಿದ್ದೆನು. ವಿಭೂತಿಯ ತಂಪು ಹಣೆಗೆ, ಅಂಗೈಯ ಇಷ್ಟಲಿಂಗದ ನುಣುಪು, ಸೋನೆ ಮಳೆಯ ರಾತ್ರಿ ಕಂಬಳಿಯ ಒರಟು ಬೆಚ್ಚಗೆ, ರಾಗಿಯ ಹೊಲದಲ್ಲಿ ಕಳೆ ಕೀಳುವಾಗ ಬೆರಳಿಗೆ ತಾಗುವ ಹಸಿಮಣ್ಣು. ಇವು ನಾಲ್ಕು ದಿನದ ನಾಲ್ಕು. ಐದನೆಯದು ಬಿಸಿ ಮುದ್ದೆ. ಅದನ್ನು ಮುಟ್ಟಿದೊಡನೆ ನನ್ನ ಬಾಲ್ಯವು ಕೈಗೆ ಬಂದಿತು. ಬಡವರ ಮನೆಯ ಹುಡುಗನಾದ ನಾನು ಸಿದ್ಧಗಂಗೆಯ ಉಚಿತ ವಿದ್ಯಾರ್ಥಿನಿಲಯದಲ್ಲಿ ಬೆಳೆದವನು. 1941ರಲ್ಲಿ ಮಠಾಧಿಕಾರ ವಹಿಸಿಕೊಂಡು, 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ದಾಸೋಹವನ್ನು ನಡೆಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಹಳ್ಳಿಹಳ್ಳಿಗೆ ಭಿಕ್ಷಕ್ಕೆ ಹೋಗಿ ತಂದ ಧಾನ್ಯದಿಂದ ನಮ್ಮ ಹೊಟ್ಟೆ ತುಂಬಿತು. ಸಾಲಿನಲ್ಲಿ ಕುಳಿತು, ಬಡಿಸುವವರು ನಮ್ಮ ಬಳಿ ಬರುವುದನ್ನೇ ಕಾಯುತ್ತ, ತಟ್ಟೆಗೆ ಬಿದ್ದ ಮುದ್ದೆಯ ಮೇಲೆ ಅಂಗೈಯಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆವು. ಆ ಹುಡುಗನಿಗೆ ಪ್ರಸಾದವೆಂದರೇನೆಂದು ತಿಳಿದಿತ್ತು. ಹಸಿವು ಅವನಿಗೆ ಕಲಿಸಿತ್ತು. ಸಂಬಳ ಬಂದು ಹಸಿವು ಮರೆತ ಮೇಷ್ಟ್ರು ಅದನ್ನು ಮರೆತನು.

ಐದನೆಯ ಐದು ದಿನ ಶಬ್ದದವು. ತೆಂಗಿನ ಗರಿಯ ಮೇಲೆ ಮಳೆ ಬೀಳುವ ಸಪ್ಪಳ, ನಸುಕಿನಲ್ಲಿ ದೂರದಿಂದ ಕೇಳಿಬರುವ ರೈಲಿನ ಕೂಗು, ಗುಡಿಯ ಗಂಟೆ. ಜನ ಸೇರಲು ಅಂಜುತ್ತಿದ್ದ ಕಾಲವಾದುದರಿಂದ ಆ ವರ್ಷ ಊರಿನ ಪುರಾಣ ನಿಂತಿತ್ತು. ನಮ್ಮ ಜಗಲಿಯಲ್ಲಿಯೇ ನಾಲ್ಕು ಜನ ದೂರದೂರ ಕುಳಿತು, ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ರಚಿಸಿದ ‘ಭಾವಚಿಂತಾರತ್ನ’ದ ಷಟ್ಪದಿಗಳನ್ನು ಓದಿದೆವು. ಅಯ್ಯನವರ ಕಂಠ ನಡುಗುತ್ತಿತ್ತು, ಲಯ ಮಾತ್ರ ತಪ್ಪಲಿಲ್ಲ. ಓದು ಮುಗಿದ ಮೇಲೆ ಒಬ್ಬರು, 1884ರಲ್ಲಿ ನಮ್ಮ ಗುಬ್ಬಿಯಲ್ಲಿ ಹುಟ್ಟಿ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ಚನ್ನಬಸವೇಶ್ವರ ನಾಟಕ ಕಂಪನಿಯ ಹಳೆಯ ರಂಗಗೀತೆಯೊಂದನ್ನು ಗುನುಗಿದರು. ಆ ಹೊತ್ತಿಗೆ ಮಳೆ ನಿಂತಿತ್ತು.

ಇಪ್ಪತ್ತಮೂರನೆಯ ದಿನದ ಸಂಗತಿಯನ್ನು ವಿಶೇಷವಾಗಿ ಹೇಳಬೇಕಾಗಿದೆ. ನೆರೆಯ ತೋಟದವರು ವರ್ಷದ ಮೊದಲ ಕೊಯ್ಲಿನ ಅಡಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸುತ್ತಿದ್ದರು. ಹಂಡೆ ಕುದಿಯುವ ಶಬ್ದವನ್ನು ಕೇಳೋಣವೆಂದು ನಾನು ಅಲ್ಲಿ ನಿಂತೆನು. ಗಾಳಿ ತಿರುಗಿತು. ಚೊಗರಿನ ವಾಸನೆ ಮೂಗಿಗೆ ಬಂದಿತು! ಅದು ಹೂವಿನ ಪರಿಮಳವಲ್ಲ, ಒಗರು ಬೆರೆತ ಘಾಟು. ಹುಟ್ಟಿದಂದಿನಿಂದ ನನ್ನ ಸುತ್ತ ಇದ್ದುದು. ನಾನು ಕಾದ ಐದು ದಿನ ಬಾರದ ಗಂಧವು, ಕಾಯದ ದಿನ ಬಂದಿತು. ಸುಖವನ್ನು ಕರೆದರೆ ಬರುವುದೆಂದು ಹೇಳಲಾರೆನು. ಬಂದಾಗ ಬಾಗಿಲು ತೆರೆದಿರಬೇಕು, ಅಷ್ಟೆ. ಪೂರ್ತಿಯಾಗಿ ವಾಸನೆ ಮರಳಲು ಆ ಮೇಲೆ ಮತ್ತೆ ಹಲವು ತಿಂಗಳು ಹಿಡಿಯಿತು.

ಕಡೆಯ ಐದು ದಿನ ತೃಪ್ತಿಯವು. ಇವು ಎಲ್ಲಕ್ಕಿಂತ ಕಷ್ಟವಾದವು. ಗಂಧಕ್ಕೆ ವಸ್ತುವುಂಟು, ರುಚಿಗೆ ವಸ್ತುವುಂಟು. ತೃಪ್ತಿಗೆ ಯಾವುದನ್ನು ಹಿಡಿಯಲಿ? ಅಯ್ಯನವರನ್ನು ಕೇಳಿದೆನು. ಅವರು, “ಐದನ್ನು ನೀವೊಬ್ಬರೇ ಸವಿದಿರಿ; ಆರನೆಯದು ಒಬ್ಬರಿಗೆ ದಕ್ಕುವಂಥದಲ್ಲ” ಎಂದರು. ಮರುದಿನ ನಾನೇ ಒಲೆ ಹಚ್ಚಿದೆನು. ಬೇಸಗೆಯಲ್ಲಿ ಆಕೆ ಕೆಮ್ಮಣ್ಣು ಬಳಿದು ಒಣಗಿಸಿಟ್ಟಿದ್ದ ಹಲಸಿನ ಬೀಜ ಕುಡಿಕೆಯಲ್ಲಿ ಇನ್ನೂ ಉಳಿದಿತ್ತು. ಅದನ್ನು ಹಾಕಿ ಸಾರು ಮಾಡಿ, ತೋಟದ ಕೆಲಸಕ್ಕೆ ಬರುವ ಮುದುಕಿಯನ್ನು ಊಟಕ್ಕೆ ಕರೆದೆನು. ಆ ಕಾಯಿಲೆಯಲ್ಲಿಯೇ ಮಗನನ್ನು ಕಳೆದುಕೊಂಡವಳು ಆಕೆ. ನಾನು ಬಡಿಸಿದೆನು. ಆಕೆ ಎರಡು ತುತ್ತು ಉಂಡು ತಲೆಯೆತ್ತಿ, “ಉಪ್ಪು ಒಂದಿಷ್ಟು ಮುಂದು. ಆದರೂ ಚೆನ್ನಾಗೈತೆ ಮೇಷ್ಟ್ರೇ” ಎಂದಳು. ಆ ಮಾತು ಆಕೆಗೆ ಎಷ್ಟು ಸುಲಭವಾಗಿ ಬಂದಿತು! ನಲವತ್ತಮೂರು ವರ್ಷ ನನಗೆ ಬಾರದ ಮಾತು. ಅಂದು ನಾನು ಉಣ್ಣುವ ಮೊದಲೇ ಹೊಟ್ಟೆ ತುಂಬಿತ್ತು. ಅಮಾವಾಸ್ಯೆಯವರೆಗೂ ದಿನವೂ ಯಾರಿಗಾದರೂ ಬಡಿಸಿಯೇ ಉಂಡೆನು.

ಇದನ್ನು ಕೇಳಿ ಕೆಲವರು ಮನಸ್ಸಿನಲ್ಲಿ ಎರಡು ಆಕ್ಷೇಪಗಳನ್ನು ಎತ್ತಬಹುದು. ವೈರಾಗ್ಯವನ್ನು ಬೋಧಿಸಬೇಕಾದ ಪೀಠದ ಮುಂದೆ ಇಡ್ಲಿಯ, ಕಂಬಳಿಯ ಸುಖದ ಮಾತೇ ಎಂಬುದು ಒಂದು. ಭೋಗಕ್ಕೂ ಪ್ರಸಾದಕ್ಕೂ ಇರುವ ಭೇದವು ಪದಾರ್ಥದಲ್ಲಿಲ್ಲ. ಭೋಗಿಯು ಇನ್ನಷ್ಟು ಬೇಕೆನ್ನುವನು. ಪ್ರಸಾದಿಯು ಇಷ್ಟು ಬಂದಿತಲ್ಲಾ ಎನ್ನುವನು. ರೂಪವನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸಬೇಕೆಂಬ ಕ್ರಮವನ್ನು ಗಮನಿಸಿರಿ. ನೋಡದೆ ರೂಪವನ್ನೂ, ಸವಿಯದೆ ರುಚಿಯನ್ನೂ ಅರ್ಪಿಸುವುದು ಹೇಗೆ? ಪರಾಕಾಗಿ ನುಂಗಿದವನಲ್ಲಿ ಅರ್ಪಿಸುವುದಕ್ಕೆ ಏನೂ ಇರುವುದಿಲ್ಲ.

ಹಸಿದವನ ಮುಂದೆ, ನೊಂದವನ ಮುಂದೆ ಕಿರುಸುಖದ ಮಾತನಾಡುವುದು ಕ್ರೂರವಲ್ಲವೇ ಎಂಬುದು ಎರಡನೆಯದು. ನಿಜ. ಹಸಿದವನಿಗೆ “ಇರುವುದನ್ನು ಸವಿ” ಎಂದು ಉಪದೇಶಿಸುವುದು ಪಾಪ, ಅವನಿಗೆ ಬಡಿಸಬೇಕು. ನನ್ನ ಮಾತು ಉಳ್ಳವರಾದ ನಮಗೆ. ನೊಂದವರಿಗಾದರೋ, ಈ ವ್ರತವು ದುಃಖವನ್ನು ಹೋಗಲಾಡಿಸುವುದೆಂದು ನಾನು ಹೇಳುವುದಿಲ್ಲ. ನನ್ನದು ಹೋಗಿಲ್ಲ. ಆದರೆ ದುಃಖವು ಮನೆಯ ಎಲ್ಲ ಕೋಣೆಗಳನ್ನೂ ಆಕ್ರಮಿಸಿಕೊಂಡಿದ್ದುದು, ಒಂದು ಕೋಣೆಗೆ ಸರಿದು ಕುಳಿತಿದೆ.

ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಕೆಂಪು ತೊಳೆಯ ಹಲಸಿನ ಮರವೊಂದಿತ್ತು. ಬಹುಕಾಲ ಒಂದು ಮನೆಯವರ ತೋಟದ ಮರವಾಗಿದ್ದ ಅದನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ, ‘ಸಿದ್ದು’ ಎಂಬ ಹೆಸರಿನಿಂದ ತಳಿಯಾಗಿ ಹರಡಿದ ಮೇಲೆ ಅದರ ಕೀರ್ತಿ ದೂರದೂರಕ್ಕೆ ಹಬ್ಬಿತು. ಮರವು ಮೊದಲೂ ಅದೇ, ಹಣ್ಣೂ ಅದೇ. ಗಮನವಿಟ್ಟು ನೋಡಿದ ಕಣ್ಣು ಮಾತ್ರ ಹೊಸದು. ನಮ್ಮ ನಮ್ಮ ಹಿತ್ತಲಿನಲ್ಲಿಯೂ ಅಂಥ ಮರಗಳು ನಿಂತಿರುವುವು.

ಇನ್ನು ನನ್ನ ಬಿನ್ನಹವನ್ನು ಮುಗಿಸುವೆನು. ಬರುವ ಶ್ರಾವಣದಲ್ಲಿ ತಾವು ಬಿಡುವುದನ್ನು ಬಿಡಿರಿ. ಅದರೊಡನೆ ಇದನ್ನೂ ಹಿಡಿಯಿರಿ. ದಿನಕ್ಕೊಂದು ಸಾಲು ಸಾಕು. ಮೂವತ್ತನೆಯ ದಿನ ಓದಿ ನೋಡಿದರೆ, ಪ್ರತಿಯೊಂದು ಸಾಲಿನಲ್ಲಿಯೂ ಯಾರದೋ ಒಂದು ಕೈ ಕಾಣಿಸುವುದು. ಶ್ರಾವಣವು ದೂರವಿದೆಯೆಂದರೆ, ಇಂದೇ ಆರಂಭವಾಗಲಿ. ಈ ಸಭೆ ಮುಗಿದೊಡನೆ ದಾಸೋಹದ ಸಾಲಿನಲ್ಲಿ ಕುಳಿತಾಗ, ಬಡಿಸಲು ಬಂದವರ ಮುಖವನ್ನು ಒಮ್ಮೆ ನೋಡಿರಿ. ರಾತ್ರಿ ಮನೆಗೆ ಹೋದ ಮೇಲೆ, ಎಲೆಯ ಮುಂದೆ ನಿಂತ ತಾಯಿಗೋ ಮಡದಿಗೋ ಸೊಸೆಗೋ, ಸಾರು ಚೆನ್ನಾಗಿದೆಯೆಂದು ಹೇಳಿರಿ. ಅವರು ಕೇಳಿಸಿಕೊಳ್ಳಬಲ್ಲ ದೂರದಲ್ಲಿರುವಾಗಲೇ ಹೇಳಿರಿ.